ನುಡಿಲಿ ಟೈಪ್ ಮಾಡಿದ ನೋಟ್ಸನ್ನ ಕಣ್ಣು ಕಾಣದ ಸ್ಟೂಡೆಂಟ್‌ಗೆ ಹೇಗೆ ಕೊಡೋದು?

ಹಿಸ್ಟರಿ ಮೇಡಂ:
ಎಲ್ರಿಗೂ ನಮಸ್ಕಾರ. ಡಿಗ್ರಿ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್ ನಾನು, ಈ ವರ್ಷ ಬಿಎಗೆ ಪೂರ್ತಿ ಕಣ್ಣು ಕಾಣದ ಹುಡುಗ ಒಬ್ಬ ಸೇರಿದಾನೆ, ತುಂಬಾ ಚುರುಕು. ನನ್ನ ನೋಟ್ಸೆಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ಪ್ರೋಗ್ರಾಮಲ್ಲಿ ಟೈಪ್ ಮಾಡಿದ್ದು, ಪಿಡಿಎಫ್ ಮಾಡಿ ಗ್ರೂಪಿಗೆ ಹಾಕಿದ್ದೆ. ಮಾರನೇ ದಿನ ಲ್ಯಾಪ್‌ಟಾಪ್ ತಂದು ಕೇಳಿಸ್ದ, ವಿಜಯನಗರ ಅಂತಿರೋ ಕಡೆ ಎನ್‌ವಿಡಿಎ (ಸ್ಕ್ರೀನಲ್ಲಿರೋದನ್ನ ಗಟ್ಟಿಯಾಗಿ ಓದೋ ಸಾಫ್ಟ್‌ವೇರ್) ಏನೇನೋ ಇಂಗ್ಲಿಷ್ ಅಕ್ಷರ, ನಡುವೆ "ಪೌಂಡ್" ಅಂತ ಓದ್ತಿದೆ. "ಪರ್ವಾಗಿಲ್ಲ ಮೇಡಂ, ಫ್ರೆಂಡ್ ಹತ್ರ ಓದಿಸ್ಕೋತೀನಿ" ಅಂದ, ತುಂಬಾ ಸಂಕಟ ಆಯ್ತು. ಲೈಬ್ರರಿ ಬುಕ್ ಸ್ಕ್ಯಾನ್ ಮಾಡಿ ಕೊಡೋಣ ಅಂದ್ರೆ ಕಾಪಿರೈಟ್ ಕೇಸ್ ಆಗತ್ತೆ ಬೇಡ ಅಂತಾರೆ ನಮ್ಮಲ್ಲಿ. ಇಂಟರ್ನಲ್ಸ್‌ಗೆ ಮೂರೇ ವಾರ ಇದೆ, ದಾರಿ ಹೇಳಿ.

ಕೇಳಿ ಓದೋನು:
ಮೇಡಂ, ನಾನೂ ಕಣ್ಣು ಕಾಣದೋನೇ, ಎಂಎ ಮುಗಿಸಿದೀನಿ. ನುಡಿಯ ಹಳೇ ಫಾಂಟಲ್ಲಿ ಸ್ಕ್ರೀನ್ ಮೇಲೆ ಕಾಣೋದು ಕನ್ನಡ, ಫೈಲ್ ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆ. "ನ" ಇದ್ದ ಕಡೆ ಪೌಂಡ್ ಗುರುತು ಕೂತಿರತ್ತೆ, ಸಾಫ್ಟ್‌ವೇರ್ ಅದನ್ನೇ ಓದತ್ತೆ. ಪಿಡಿಎಫ್ ಬಿಡಿ, ನಿಮ್ಮ ಹತ್ರ ಇರೋ ಮೂಲ ವರ್ಡ್ ಫೈಲನ್ನ ಯೂನಿಕೋಡ್ (ಫೈಲ್ ಒಳಗೂ ಕನ್ನಡ ಅಕ್ಷರನೇ ಇರೋ ರೀತಿ) ಕನ್ವರ್ಟರಿಗೆ ಹಾಕಿ, ನೆಟ್ಟಲ್ಲಿ ಫ್ರೀ ಸಿಗತ್ತೆ, ಆಮೇಲೆ ವರ್ಡಲ್ಲೇ ಕಳ್ಸಿ. ಇನ್ನೊಂದು, ತಲೆಬರಹನ ಬರೀ ಬೋಲ್ಡ್ ಮಾಡಿದ್ರೆ ಸಾಲಲ್ಲ, ಹೆಡಿಂಗ್ ಸ್ಟೈಲ್ ಕೊಡಿ, ಆಗ ಎಚ್ ಒತ್ತುತ್ತಾ ಬೇಕಾದ ಪಾಠಕ್ಕೆ ಹೋಗಬಹುದು, ಇಲ್ದಿದ್ರೆ ನಲವತ್ತು ಪುಟ ಮೊದಲಿಂದ ಕೇಳ್ಬೇಕು. ಮ್ಯಾಪ್ ಇದ್ರೆ "ತುಂಗಭದ್ರೆಯ ದಕ್ಷಿಣ ದಡದಲ್ಲಿ ಹಂಪಿ" ಅಂತ ಎರಡು ಸಾಲು ಬರೀರಿ ಸಾಕು. ದಯವಿಟ್ಟು ಕ್ಲಾಸಿಗೆ ಮುಂಚೆನೇ ಕಳ್ಸಿ ಮೇಡಂ, ನಂಗೆ ಮೂರು ವರ್ಷನೂ ನೋಟ್ಸ್ ಬರ್ತಿದ್ದಿದ್ದು ಪರೀಕ್ಷೆ ಹಿಂದಿನ ವಾರ.

ಲೈಬ್ರರಿಯನ್:
ಕಾಪಿರೈಟ್ ಭಯ ಬೇಡ. 2012ರ ತಿದ್ದುಪಡಿಯಲ್ಲಿ ಕಾಪಿರೈಟ್ ಕಾಯ್ದೆಗೆ ಸೆಕ್ಷನ್ 52(1)(ಝಡ್‌ಬಿ) ಸೇರಿದೆ, ಅಂಗವಿಕಲರ ಓದಿಗೋಸ್ಕರ ಲಾಭ ಇಲ್ಲದೆ ಪುಸ್ತಕನ ಅವ್ರಿಗೆ ಓದೋಕಾಗೋ ರೂಪಕ್ಕೆ ಯಾರು ಬೇಕಾದ್ರೂ ತರಬಹುದು. ಕಣ್ಣು ಕಾಣದವ್ರಿಗೆ ಓದೋಕಾಗೋ ರೂಪದಲ್ಲಿ ಪುಸ್ತಕ ಸಿಗ್ಲಿ ಅಂತ ಆದ ಅಂತಾರಾಷ್ಟ್ರೀಯ ಮರಾಕೇಶ್ ಒಪ್ಪಂದನ 2014ರಲ್ಲಿ ಮೊದಲು ಅನುಮೋದಿಸಿದ ದೇಶನೇ ನಮ್ದು! ಆ ಸೆಕ್ಷನ್ ಪ್ರಿಂಟ್ ತೆಗೆದು ಪ್ರಿನ್ಸಿಪಾಲ್ ಮುಂದಿಡಿ. ಸ್ಕ್ಯಾನ್ ಮಾಡೋ ಮುಂಚೆ ಸುಗಮ್ಯ ಪುಸ್ತಕಾಲಯದಲ್ಲಿ (ಇಂಥ ಓದುಗರಿಗಿರೋ ಆನ್‌ಲೈನ್ ಲೈಬ್ರರಿ) ಆ ಬುಕ್ ಇದ್ಯಾ ಹುಡುಕಿ. ಇಲ್ಲಾಂದ್ರೆ ಸ್ಕ್ಯಾನನ್ನ ಗೂಗಲ್ ಡ್ರೈವಿಗೆ ಹಾಕಿ ಡಾಕ್ಸಲ್ಲಿ ಓಪನ್ ಮಾಡಿ, ಅಕ್ಷರ ಆಗತ್ತೆ, ಆದ್ರೆ ಒತ್ತಕ್ಷರ ತಪ್ಪತ್ತೆ, ಒಂದ್ಸಲ ಯಾರಾದ್ರೂ ಓದ್ಲೇಬೇಕು. ನಮ್ಮಲ್ಲಿ ಎನ್‌ಎಸ್‌ಎಸ್ ಹುಡುಗ್ರು ಒಬ್ಬೊಬ್ರು ಹತ್ತು ಪುಟ ಹಂಚ್ಕೊಂಡು ತಿದ್ತಾರೆ.

ಹಿಸ್ಟರಿ ಮೇಡಂ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ನಿನ್ನೆ ರಾತ್ರಿ ಕೂತು ಮೊದಲ ಯೂನಿಟ್ ಯೂನಿಕೋಡ್ ಮಾಡಿ ಹೆಡಿಂಗ್ ಹಾಕಿ ಕಳ್ಸಿದೆ. ಬೆಳಿಗ್ಗೆ ಫೋನ್ ಮಾಡಿದ್ದ, "ಮೇಡಂ, ತಾಳಿಕೋಟೆ ಯುದ್ಧ 1556 ಅಂತ ಟೈಪ್ ಆಗಿದೆ, 1565 ಅಲ್ವಾ?" ಹೌದು, ನಂದೇ ತಪ್ಪು, ಇಷ್ಟು ವರ್ಷದಿಂದ ಅದೇ ನೋಟ್ಸ್ ಓಡ್ತಿತ್ತು. ತಿದ್ದಿ ಗ್ರೂಪಿಗೂ ಹಾಕಿದೀನಿ, ಇವತ್ತು ಎರಡನೇ ಯೂನಿಟ್ ಮಾಡ್ತೀನಿ.