ಯೂನಿಟ್‌ನವರ ಪುನರ್ಮಿಲನದ ಊಟ: ತೀರಿಕೊಂಡವರ ಮನೆಯವರನ್ನು ಕರೆಯಬಹುದಾ?

ಪ್ರಶ್ನೆ

ಸೇನೆಯಿಂದ ಬಂದ ಮೇಲೆ ನಮ್ಮ ಯೂನಿಟ್‌ನವರೆಲ್ಲ ಮೊದಲ ಸಲ ರಾತ್ರಿ ಊಟಕ್ಕೆ ಸೇರುತ್ತಿದ್ದೇವೆ. ಏರ್ಪಾಟು ನನ್ನ ಪಾಲಿಗೆ ಬಂದಿದೆ. ಹಾಲ್, ಅಡುಗೆ ಅದೆಲ್ಲ ಹೇಗೋ ಆಗುತ್ತದೆ. ತಲೆ ಕೆಡಿಸಿರುವುದು ಬೇರೆ. ನಮ್ಮಲ್ಲಿ ಕೆಲವರು ಡ್ಯೂಟಿಯಲ್ಲೇ ಹೋದರು, ಕೆಲವರು ಆಮೇಲೆ ಕಾಯಿಲೆಯಿಂದ. ಅವರ ಮನೆಯವರನ್ನು ಕರೆಯಬೇಕು ಅಂತ ನನಗೆ ತುಂಬಾ ಇದೆ, ಆದರೆ ಕರೆದು ಹಳೇ ನೋವು ಕೆದಕಿದ ಹಾಗಾದರೆ? ಜೊತೆಗೆ ಭಾಷಣ, ಸನ್ಮಾನ, ಬ್ಯಾಂಡ್ ಎಲ್ಲ ಬೇಕು ಅನ್ನುವವರೂ ಇದ್ದಾರೆ. ಇಂಥ ಊಟ ನಡೆಸಿದವರು ದಯವಿಟ್ಟು ಹೇಳಿ.

ಉತ್ತರ 1

ಖಂಡಿತ ಕರೆಯಿರಿ ಸಾರ್. ಸುಮ್ನೆ ಮೆಸೇಜ್ ಹಾಕಿದರೆ ಸಾಲದು, ತೀರಿಕೊಂಡವನ ಜೊತೆ ಒಂದೇ ಬ್ಯಾರಕ್‌ನಲ್ಲಿ ಇದ್ದವರು ಯಾರಾದರೂ ಫೋನ್ ಮಾಡಲಿ. ಬರುವುದು ಬಿಡುವುದು ಅವರಿಷ್ಟ. ಬಂದರೆ ಅತಿಥಿಗಳ ಹಾಗೆ ಮುಂದೆ ಬೇರೆ ಕೂರಿಸಬೇಡಿ, ಅವನ ಸೆಕ್ಷನ್‌ನವರ ಮೇಜಿನಲ್ಲೇ ಜಾಗ ಮಾಡಿ. ಅವನು ಯಾರ ಕಾಲೆಳೆಯುತ್ತಿದ್ದ, ರಾತ್ರಿ ಪಹರೆಯಲ್ಲಿ ಏನು ಗುನುಗುತ್ತಿದ್ದ, ಮನೆಯಿಂದ ಕಾಗದ ಬಂದರೆ ಎಷ್ಟು ಸಲ ಓದುತ್ತಿದ್ದ, ಇದನ್ನೆಲ್ಲ ಅವರಿಗೆ ಬೇರೆ ಯಾರು ಹೇಳುತ್ತಾರೆ? ಹಳೇ ಗ್ರೂಪ್ ಫೋಟೊಗಳನ್ನು ತರಲು ಎಲ್ಲರಿಗೂ ಹೇಳಿ. ಎಡದಿಂದ ಯಾರ್ಯಾರು ಅಂತ ಹಿಂದೆ ಪೆನ್ಸಿಲ್‌ನಲ್ಲಿ ಬರೆಸಿ. ಗುರುತು ಹಿಡಿಯುವವರು ಇರುವಾಗಲೇ ಆ ಕೆಲಸ ಆಗಬೇಕು.

ಉತ್ತರ 2

ಅಮೆರಿಕದ ಸೇನೆಯವರಲ್ಲಿ ವಿಯೆಟ್ನಾಂ ಯುದ್ಧದ ಕಾಲದಿಂದ ಬಂದ ಒಂದು ರೂಢಿ ಇದೆ. ಸೆರೆ ಸಿಕ್ಕವರಿಗೆ, ಕಾಣೆಯಾದವರಿಗೆ ಅಂತ ಒಬ್ಬರಿಗಾಗುವಷ್ಟು ಚಿಕ್ಕ ಮೇಜು ಹಾಕುತ್ತಾರೆ. ಬಿಳಿ ಬಟ್ಟೆ, ಒಂದು ಗುಲಾಬಿ, ತಟ್ಟೆಯಲ್ಲಿ ನಿಂಬೆ ಹೋಳು, ಚಿಟಿಕೆ ಉಪ್ಪು, ಬೋರಲು ಹಾಕಿದ ಗ್ಲಾಸು, ಖಾಲಿ ಕುರ್ಚಿ. ಉಪ್ಪು ಮನೆಯವರ ಕಣ್ಣೀರಿಗೆ. ಅದನ್ನು ಹಾಗೇ ನಕಲು ಮಾಡಬೇಕಿಲ್ಲ, ಒಂದು ಖಾಲಿ ಕುರ್ಚಿ ಇದ್ದರೂ ಆಗುತ್ತದೆ. ತೀರಿಕೊಂಡವರ ಹೆಸರುಗಳನ್ನು ಮಾತ್ರ ಊಟಕ್ಕೆ ಮುಂಚೆಯೇ ಓದಿಬಿಡಿ, ರ್‍ಯಾಂಕ್ ಪ್ರಕಾರ ಅಲ್ಲ, ಅವರು ತೀರಿಕೊಂಡ ವರ್ಷದ ಪ್ರಕಾರ. ಆಮೇಲೆ ಜನ ನಗಲಿ, ಹರಟಲಿ.

ಉತ್ತರ 3

ಬ್ಯಾಂಡ್ ಬೇಡವೇ ಬೇಡ ಅಣ್ಣಾ. ನಮ್ಮಪ್ಪ ಫಿರಂಗಿ ದಳದಲ್ಲಿದ್ದವರು. ವರ್ಷಗಟ್ಟಲೆ ಗುಂಡಿನ ಸದ್ದು ಕೇಳಿದವರಿಗೆ ಸಾಮಾನ್ಯವಾಗಿ ಮೊದಲು ಕೈಕೊಡುವುದು ಕೀಚಲು, ಸಣ್ಣ ದನಿಗಳು. ಆಗ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನಂದರು ಅಂತ ತಿಳಿಯುವುದಿಲ್ಲ, ಸ, ಶ ಥರದ ಅಕ್ಷರಗಳೇ ಜಾರಿಹೋಗಿರುತ್ತವೆ. ಹಿಯರಿಂಗ್ ಏಡ್ ಹಾಕಿದರೆ ತಟ್ಟೆ ಚಮಚದ ಸದ್ದೂ ಜಾಸ್ತಿಯಾಗುತ್ತದೆ. ಇಂಥ ಒಂದು ಊಟದಲ್ಲಿ ಅಪ್ಪ ಪಕ್ಕದವರ ತುಟಿಯನ್ನೇ ನೋಡುತ್ತಾ, ಅವರು ನಕ್ಕಾಗ ತಾವೂ ನಗುತ್ತಾ ಕೂತಿದ್ದರು. ಅಷ್ಟು ದೂರ ಹೋಗಿದ್ದು ಆ ಗೆಳೆಯನ ಮಾತು ಕೇಳಲಿಕ್ಕೆ ಅಲ್ವಾ? ನನಗೆ ಇವತ್ತಿಗೂ ಸಂಕಟ. ಚಿಕ್ಕ ಮೇಜು ಹಾಕಿ, ದಪ್ಪ ಬಟ್ಟೆ ಹಾಸಿ, ಬೆಳಕು ಚೆನ್ನಾಗಿರಲಿ. ಬಲೂನು, ಪಟಾಕಿ ಬೇಡ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕೂತರೇ ನೆಮ್ಮದಿ ಅನ್ನುವವರೂ ಇರುತ್ತಾರೆ, ಅವರನ್ನು ಎಬ್ಬಿಸಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬ್ಯಾಂಡ್ ಬೇಡ ಅಂತ ಇವತ್ತೇ ಹೇಳುತ್ತೇನೆ, ಫೋನ್ ಕೆಲಸವನ್ನೂ ಹಂಚುತ್ತೇನೆ. ಹೆಸರು ಓದುವುದು ಯಾರು, ಸಿಒ (ಕಮಾಂಡಿಂಗ್ ಆಫೀಸರ್) ಸಾಹೇಬರಾ?

ಉತ್ತರ 2

ಜೊತೆಗಿದ್ದ ಯಾರಾದರೂ ಓದಲಿ. ಪಕ್ಕದಲ್ಲಿ ನಿಲ್ಲುವ ಇನ್ನೊಬ್ಬರ ಕೈಯಲ್ಲೂ ಒಂದು ಪಟ್ಟಿ ಇರಲಿ, ಗಂಟಲು ಕಟ್ಟಿದರೆ ಅವರು ಮುಂದುವರಿಸಬಹುದು. ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ.