‘ಕಟೋಗೊ’ವನ್ನು ಮೇಲೋಗರ ಎನ್ನಬಹುದೇ?

ಬಲ್ಲವರಲ್ಲಿ ಒಂದು ಕೇಳಿಕೆ. ಉಗಾಂಡದ ಅಡುಗೆಯೊಂದನ್ನು ಕನ್ನಡದಲ್ಲಿ ಬರೆಯಲು ಕುಳಿತಿದ್ದೇನೆ. ಸಾಮಗ್ರಿಗಳೆಲ್ಲ ಸಲೀಸಾಗಿ ಬಂದವು, ಹೆಸರಿನ ಹತ್ತಿರ ಪೆನ್ನು ನಿಂತಿದೆ.

ಅದರ ಹೆಸರು ಕಟೋಗೊ. ಕಂಪಾಲದ ಕಡೆ ಬೆಳಗಿನ ಹೊತ್ತು ಉಣ್ಣುವಂಥದ್ದು. ಸಿಪ್ಪೆ ಹೆರೆದ ಮಟೋಕೆಯನ್ನು, ಅಂದರೆ ಬೇಯಿಸುವ ಜಾತಿಯ ಬಾಳೆಯ ಕಾಯನ್ನು, ಈರುಳ್ಳಿ ಟೊಮ್ಯಾಟೊ ಜೊತೆ ಒಂದೇ ಪಾತ್ರೆಗೆ ಹಾಕಿ ಬೇಯಿಸುತ್ತಾರೆ. ಬೋಟಿ ಹಾಕುವ ರೂಢಿ ಹೆಚ್ಚು. ನಾನು ಎತ್ತಿಕೊಂಡಿರುವುದು ಬೀನ್ಸ್ ಕಾಳು, ಶೇಂಗಾ, ದೊಡೊ ಸೊಪ್ಪು ಹಾಕುವ ಬಗೆಯನ್ನು. ದೊಡೊ ಎಂದರೆ ಬೇರೇನೂ ಅಲ್ಲ, ನಮ್ಮ ಹರಿವೆಯ ಬಳಗವೇ.

ಲುಗಾಂಡ ನುಡಿಯಲ್ಲಿ ಕಟೋಗೊ ಎಂದರೆ ಬೆರಕೆ. ಎಲ್ಲವೂ ಗೋಜಲಾದ ಸ್ಥಿತಿಗೂ ಅಲ್ಲಿಯವರು ಇದೇ ಪದ ಬಳಸುತ್ತಾರೆ. ಇದನ್ನು ತಿಳಿದಾಗ ನನಗೆ ತಟ್ಟನೆ ಹೊಳೆದದ್ದು ನಮ್ಮ ‘ಕಲಸುಮೇಲೋಗರ’. ಎರಡೂ ಅಡುಗೆಮನೆಯಿಂದ ಹೊರಟು ಬೈಗುಳದ ಅಂಚಿಗೆ ಬಂದ ಪದಗಳು! ಹಾಗಾದರೆ ‘ಬಾಳೆಕಾಯಿ ಮೇಲೋಗರ’ ಎಂದು ಬರೆದು ಮುಗಿಸೋಣ ಎಂದುಕೊಂಡೆ.

ಅಲ್ಲೇ ತೊಡಕು. ಓಗರ ಎಂದರೆ ಅನ್ನ, ಅದರ ಮೇಲೆ ಬಡಿಸುವುದು ಮೇಲೋಗರ. ಕಟೋಗೊದಲ್ಲಿ ಬಾಳೆಕಾಯಿಯೇ ಓಗರ. ಲುಗಾಂಡದಲ್ಲಿ ಊಟಕ್ಕೆ ‘ಎಮ್ಮೆರೆ’ ಎನ್ನುತ್ತಾರೆ, ಹಾಗೆಂದಾಗ ಅವರ ಕಣ್ಣೆದುರು ಬರುವುದು ಮೊದಲು ಮಟೋಕೆಯೇ. ನಮ್ಮಲ್ಲಿ ‘ಅನ್ನ’ ಎಂಬುದು ಇಡೀ ಊಟಕ್ಕೆ ನಿಲ್ಲುವ ಹಾಗೆ. ಓಗರವೂ ಮೇಲೋಗರವೂ ಒಂದೇ ಪಾತ್ರೆಯಲ್ಲಿ ಬೆಂದರೆ ಅದಕ್ಕೆ ಏನೆನ್ನಬೇಕು? ‘ಕೂಟು’ ಎಂದರೆ ಕೂಡಿಸಿದ್ದು ಎಂಬ ಅರ್ಥವೇನೋ ಕೂಡುತ್ತದೆ, ಆದರೆ ಓದಿದವರು ಅನ್ನ ಬಡಿಸಿಕೊಂಡು ಕಾಯುತ್ತಾರೆ. ‘ಹುಗ್ಗಿ’ ಒಪ್ಪುತ್ತದೆ, ಒಂದೇ ಪಾತ್ರೆಯ ಅಡುಗೆ. ಆದರೆ ಹುಗ್ಗಿ ಮುದ್ದೆಯಾಗುತ್ತದೆ, ಇಲ್ಲಿ ಕಾಯಿ ಮೆತ್ತಗಾದರೂ ಹೋಳು ಹೋಳಾಗಿಯೇ ಇರಬೇಕು. ‘ಸ್ಟ್ಯೂ’ ಎಂದು ಬರೆದು ಕೈತೊಳೆದುಕೊಳ್ಳಲು ಮನಸ್ಸಿಲ್ಲ. ಸದ್ಯಕ್ಕೆ ಕಟೋಗೊ ಎಂದೇ ಇಟ್ಟು, ಪಕ್ಕದಲ್ಲಿ ‘ಬಾಳೆಕಾಯಿಯ ಬೆರಕೆ ಹುಗ್ಗಿ’ ಎಂದು ಬರೆದಿದ್ದೇನೆ. ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ.

ಒಂದು ಸಮಾಧಾನವೆಂದರೆ ಕಾಯಿ, ಹಣ್ಣು ಎಂಬ ಭೇದ. ಇಂಗ್ಲಿಷಿನವರು ‘ಹಸಿರು ಬಾಳೆಹಣ್ಣು’ ಎಂದು ಒದ್ದಾಡುವಲ್ಲಿ ನಮಗೆ ‘ಬಾಳೆಕಾಯಿ’ ಎಂದರೆ ಮುಗಿಯಿತು. ಲುಗಾಂಡದವರೂ ಜಾಣರು: ಮಟೋಕೆ ಹಣ್ಣಾದರೆ ಅದಕ್ಕೆ ‘ಮೆನ್ವು’ ಎಂಬ ಬೇರೆಯೇ ಹೆಸರು.

ಇನ್ನೊಂದು ಸಣ್ಣ ಅನುಮಾನ. ಬಾಳೆಕಾಯಿ ಹೆಚ್ಚುವಾಗ ಒಸರಿ ಬೆರಳನ್ನು ಕಪ್ಪಾಗಿಸುತ್ತದಲ್ಲ, ಅದಕ್ಕೆ ನಮ್ಮ ಮನೆಯಲ್ಲಿ ‘ಕರೆ’ ಎನ್ನುತ್ತಿದ್ದರು. ಅಜ್ಜಿ ಮೊದಲು ಅಂಗೈಗೆ ಎಣ್ಣೆ ಸವರಿಕೊಂಡೇ ಈಳಿಗೆಮಣೆಯ ಮುಂದೆ ಕೂರುತ್ತಿದ್ದರು. ಮಾವಿಗೆ ಸೊನೆ, ಹಲಸಿಗೆ ಮೇಣ. ಬಾಳೆಗೆ ನಿಮ್ಮ ಕಡೆ ಏನೆನ್ನುತ್ತಾರೆ? ಊರಿನ ಹೆಸರನ್ನೂ ಸೇರಿಸಿ ತಿಳಿಸಿದರೆ ಉಪಕಾರ.