ಶಿರಸಿಯಲ್ಲಿ ಸ್ವಂತ ಆಫೀಸು ಮಾಡಿ ಎಂಟು ತಿಂಗಳು: ಹೊಸ ಕಕ್ಷಿದಾರರು ಬರುವ ದಾರಿ ಯಾವುದು?

ಶಿರಸಿ ವಕೀಲೆ

ಎಲ್ಲರಿಗೂ ನಮಸ್ಕಾರ. ಸೀನಿಯರ್ ಒಬ್ಬರ ಕೈಕೆಳಗೆ ಆರು ವರ್ಷ ದುಡಿದು, ಎಂಟು ತಿಂಗಳ ಹಿಂದೆ ಶಿರಸಿಯಲ್ಲಿ ನನ್ನದೇ ಆಫೀಸು ಮಾಡಿದೆ. ಮಹಡಿಯ ಮೇಲೆ ಒಂದೇ ಕೋಣೆ, ಬಾಡಿಗೆ 4,500. ಒಂದು ಮೇಜು, ನಾಲ್ಕು ಕುರ್ಚಿ, ಅಪ್ಪ ಮಾಡಿಸಿಕೊಟ್ಟ ಹಲಸಿನ ಮರದ ಕಪಾಟು. ಇಷ್ಟು ದಿನದಲ್ಲಿ ಬಂದ ವಕಾಲತ್ತು ಹನ್ನೊಂದು, ಅದರಲ್ಲಿ ನಾಲ್ಕು ನೆಂಟರದ್ದೇ. ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳವಾದರೆ ಎದ್ದು ನಿಲ್ಲುತ್ತೇನೆ. ಸಪ್ಪಳ ಪಕ್ಕದ ಹಲ್ಲಿನ ಡಾಕ್ಟರ ಬಾಗಿಲಿಗೆ ಹೋಗಿಬಿಡುತ್ತದೆ.

ನನ್ನ ತಮ್ಮ ಮಾರಿಕಾಂಬಾ ಜಾತ್ರೆಯಲ್ಲಿ ಕರಪತ್ರ ಹಂಚು, ರೀಲ್ಸ್ ಮಾಡು ಅನ್ನುತ್ತಾನೆ. ವಕೀಲರು ಜಾಹೀರಾತು ಮಾಡಬಾರದು ಎನ್ನುವ ಬಾರ್ ಕೌನ್ಸಿಲ್ ನಿಯಮ 36 ಇರುವಾಗ ಅದು ಆಗದ ಮಾತು ಎಂದರೆ ಅವನಿಗೆ ನಂಬಿಕೆಯೇ ಬರುವುದಿಲ್ಲ. ಬೋರ್ಡಿನ ಮೇಲೆ 'ಜಮೀನು ವ್ಯಾಜ್ಯ ತಜ್ಞೆ' ಎಂದು ಬರೆಸುವಂತೆಯೂ ಇಲ್ಲ, ಬೋರ್ಡು ಕೂಡ ಮಿತವಾದ ಅಳತೆಯಲ್ಲೇ ಇರಬೇಕು.

ಹೋದ ತಿಂಗಳು ಒಬ್ಬಾತ ಬಂದಿದ್ದ. ಕುಮಟಾ ರಸ್ತೆಯ ಅಪಘಾತದ ಕೇಸುಗಳನ್ನೆಲ್ಲ ನಾನೇ ತಂದುಕೊಡುತ್ತೇನೆ, ಪರಿಹಾರದಲ್ಲಿ ನಿಮಗೆ ಇಷ್ಟು, ನನಗೆ ಇಷ್ಟು ಎಂದ. ಬೇಡ ಎಂದು ಕಳಿಸಿದೆ. ಆದರೆ ಆ ತಿಂಗಳ ಬಾಡಿಗೆಯನ್ನು ಅಪ್ಪನ ಹತ್ತಿರ ಕೇಳಿ ಕೊಟ್ಟೆ, ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ. ಹಳೆಯ ಆಫೀಸಿನ ಇಬ್ಬರು ಕಕ್ಷಿದಾರರು ಫೋನು ಮಾಡಿ "ಮೇಡಂ, ನಮ್ಮ ಕೇಸು ನೀವೇ ನಡೆಸಿ" ಎನ್ನುತ್ತಿದ್ದಾರೆ. ಅದನ್ನು ತೆಗೆದುಕೊಳ್ಳುವುದು ಸರಿಯೇ? ಕೆಲಸ ಮಾಡುವ ಆಸೆ ತುಂಬಾ ಇದೆ. ನಾನಿದ್ದೇನೆ ಎಂದು ಜನರಿಗೆ ಗೊತ್ತಾಗುವುದು ಹೇಗೆ ಎಂಬುದೇ ತಿಳಿಯುತ್ತಿಲ್ಲ.

ಕುಮಟಾ, 24 ವರ್ಷದ ವಕೀಲಿ

ಮೇಡಂ, ಪಾಲು ಕೇಳಿದವನನ್ನು ವಾಪಸು ಕಳಿಸಿದ್ದು ಸರಿಯಾಯಿತು. ದಲ್ಲಾಳಿಯ ಮೂಲಕ ಕೆಲಸ ಹಿಡಿಯುವುದಕ್ಕೂ ಅದೇ 36ರಲ್ಲಿ ನಿಷೇಧವಿದೆ. ಬರುವ ಹಣದಲ್ಲಿ ಇಷ್ಟು ಪಾಲು ಎಂದು ಫೀಸು ಗೊತ್ತು ಮಾಡಿಕೊಳ್ಳುವುದಕ್ಕೂ ಬೇರೆ ನಿಯಮ ಅಡ್ಡ ಬರುತ್ತದೆ. 2023ರಲ್ಲಿ ವಕೀಲರ ಕಾಯ್ದೆಗೆ 45ಎ ಕಲಂ ಸೇರಿದ ಮೇಲೆ ಜಿಲ್ಲಾ ನ್ಯಾಯಾಧೀಶರೇ ಇಂಥವರ ಪಟ್ಟಿ ಮಾಡಿ ಕೋರ್ಟಿನ ಆವರಣದಿಂದ ಹೊರಗಿಡಬಹುದು. ಅವನು ತಂದ ಕಕ್ಷಿದಾರ ಯಾವತ್ತೂ ಅವನ ಕೈಯಲ್ಲೇ ಇರುತ್ತಾನೆ. ನಾಳೆ ಇನ್ನೊಬ್ಬರು ಹೆಚ್ಚು ಕೊಟ್ಟರೆ ಫೈಲು ಅತ್ತ ಹೋಗುತ್ತದೆ.

ನಿಮ್ಮ ಸೀನಿಯರ್ ಅವರ ಕಕ್ಷಿದಾರರ ವಿಷಯಕ್ಕೆ ನಿಯಮ 39 ನೋಡಿ. ವಕಾಲತ್ತು ಹಾಕಿದ ವಕೀಲರ ಒಪ್ಪಿಗೆ ಬೇಕು, ಒಪ್ಪದಿದ್ದರೆ ಕಾರಣ ಹೇಳಿ ಕೋರ್ಟಿನ ಅನುಮತಿ ಕೇಳಬೇಕು. ಫೋನು ಮಾಡಬೇಡಿ. ಒಂದು ಸಂಜೆ ಅವರ ಮನೆಗೇ ಹೋಗಿ, ಎದುರು ಕೂತು ಕೇಳಿ. ಆರು ವರ್ಷ ಕೆಲಸ ಕಲಿಸಿದವರು. ನಾಳೆ ಅವರಿಗೆ ಆಗದ ಸಣ್ಣ ಖಟ್ಲೆಗಳು ನಿಮ್ಮ ಕೋಣೆಗೇ ಬರಬೇಕಲ್ಲವೇ?

ನನ್ನ ಮೊದಲ ನಿಜವಾದ ಕಕ್ಷಿದಾರರ ಕಥೆ ಹೇಳುತ್ತೇನೆ. 2003ರ ಮಳೆಗಾಲ. ತದಡಿ ಕಡೆಯಿಂದ ಒಣಮೀನು ವ್ಯಾಪಾರದ ಒಬ್ಬರು ಅಮ್ಮ ಬಂದರು. ಪ್ಲಾಸ್ಟಿಕ್ ಚೀಲದಲ್ಲಿ 18,000 ರೂಪಾಯಿಯ ಚೆಕ್ಕು, ಅದು ಪಾಸಾಗಲಿಲ್ಲ ಎಂದು ಬ್ಯಾಂಕು ಕೊಟ್ಟ, ನಾಲ್ಕು ಮಡಿಕೆ ಮಡಚಿದ ಮೆಮೊ. ಮೆಮೊ ಕೈಗೆ ಬಂದು 26 ದಿನ. ಚೆಕ್ಕಿಗೆ ಆಗ ಇದ್ದ ಆರು ತಿಂಗಳ ಅವಧಿಯೂ ಮುಗಿದಿತ್ತು, ಮತ್ತೆ ಬ್ಯಾಂಕಿಗೆ ಹಾಕುವಂತಿರಲಿಲ್ಲ. ಬೇರೊಬ್ಬ ವಕೀಲರು "15 ದಿನ ದಾಟಿತು, ಇನ್ನೇನೂ ಆಗುವುದಿಲ್ಲ" ಎಂದು ಕಳಿಸಿಬಿಟ್ಟಿದ್ದರು. ಆದರೆ ಅದೇ ವರ್ಷ ಫೆಬ್ರವರಿಯಲ್ಲಿ ಚೆಕ್ ಬೌನ್ಸಿನ 138ನೇ ಕಲಮಿನಲ್ಲಿ ನೋಟಿಸು ಕೊಡುವ ಗಡುವು 30 ದಿನಕ್ಕೆ ಏರಿತ್ತು. ನಾನು ಆ ತಿದ್ದುಪಡಿಯನ್ನು ಕೈಬರಹದಲ್ಲಿ ನಕಲು ಮಾಡಿಟ್ಟುಕೊಂಡಿದ್ದೆ. ಅವತ್ತೇ ನೋಟಿಸು ಟೈಪು ಮಾಡಿಸಿ ರಿಜಿಸ್ಟರ್ಡ್ ಟಪಾಲಿಗೆ ಹಾಕಿದೆ. ರಸೀದಿಯ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟೆ: ನೋಟಿಸು ಚೆಕ್ಕು ಕೊಟ್ಟವನಿಗೆ ಮುಟ್ಟಿದ ಮೇಲೆ 15 ದಿನ ಕಾಯಬೇಕು, ಆಮೇಲೆ ಒಂದು ತಿಂಗಳೊಳಗೆ ಕೇಸು ಹಾಕಬೇಕು, ಈ ಚೀಟಿ ಕಳೆಯಬೇಡಿ. ಹದಿಮೂರನೇ ದಿನ ಆತ ದುಡ್ಡು ಕೊಟ್ಟ. ಆ ಅಮ್ಮ ಇಂಗ್ಲಿಷು ಬಾರದವರು, ಆದರೆ ಮುಂದಿನ ಎರಡು ವರ್ಷದಲ್ಲಿ ಅವರ ಓಣಿಯಿಂದ ಒಂಬತ್ತು ಜನ ನನ್ನ ಹತ್ತಿರ ಬಂದರು. ಬಂದವರೆಲ್ಲ ಕೇಳಿದ್ದು ಒಂದೇ, "ನಮಗೂ ಹಾಗೆ ಚೀಟಿ ಬರೆದುಕೊಡ್ತೀರಾ ವಕೀಲ್ರೆ?"

ಶಿರಸಿಯಲ್ಲಿ ಎಸಿ (ಉಪವಿಭಾಗಾಧಿಕಾರಿ) ಆಫೀಸಿದೆ, ಅದನ್ನು ಬಿಡಬೇಡಿ. ಪಹಣಿ, ಮ್ಯುಟೇಶನ್ (ಜಮೀನು ದಾಖಲೆಯಲ್ಲಿ ಹೆಸರು ಬದಲಾವಣೆ) ಅಪೀಲು, ಅರಣ್ಯ ಹಕ್ಕಿನ ಅರ್ಜಿ ಇವಕ್ಕೆಲ್ಲ ಓಡಾಟ ಹೆಚ್ಚು, ಫೀಸು ಕಡಿಮೆ, ಹಾಗಾಗಿ ದೊಡ್ಡ ಆಫೀಸಿನವರು ಮುಟ್ಟುವುದು ಅಷ್ಟಕ್ಕಷ್ಟೇ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಆ ದಾಖಲೆ ಎಲ್ಲಿ ಸಿಗುತ್ತದೆ ಎಂದು ಕೂತು ಹುಡುಕಿಕೊಡುವವರು ನಮ್ಮ ಜಿಲ್ಲೆಗೆ ಇನ್ನೂ ಸಾಲದು.

ಕಾರವಾರದಿಂದ

ಮೇಲಿನವರು ಹೇಳಿದ್ದರ ಜೊತೆ ಎರಡು ಮಾತು. ಒಂದು, ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವಿನ ಕೇಸು ನಡೆಸುವ ಪ್ಯಾನೆಲ್ ವಕೀಲರಾಗಲು ಅರ್ಜಿ ಹಾಕಿ. 1987ರ ಕಾಯ್ದೆಯ 12ನೇ ಕಲಮಿನಲ್ಲಿ ಈ ನೆರವು ಪಡೆಯಲು ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ, ಎಷ್ಟೋ ಮಹಿಳೆಯರಿಗೆ ಇದು ಗೊತ್ತಿಲ್ಲ. ಸಂಭಾವನೆ ಸಣ್ಣದು. ಆ ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಪಡೆಯಬಾರದು. ಆದರೆ ಪಾಟೀಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಮಾಡುವ ಅವಕಾಶ ಸಿಗುತ್ತದೆ. ನನಗೆ ಹಾಗೇ ಆಯಿತು: ಉಚಿತವಾಗಿ ನಡೆಸಿದ ಒಂದು ಜೀವನಾಂಶದ ಕೇಸಿನಲ್ಲಿ ಎದುರು ಪಕ್ಷದ ಅತ್ತಿಗೆ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲ ಕೇಳಿದ್ದರು. ಆ ಕೇಸು ಮುಗಿದು ವರ್ಷದ ಮೇಲೆ ತಮ್ಮ ಆಸ್ತಿ ಹಿಸ್ಸೆಯ ಕಾಗದ ಹಿಡಿದು ನನ್ನಲ್ಲಿಗೇ ಬಂದರು.

ಎರಡು, ಎಸಿ ಆದೇಶದ ಮೇಲಿನ ರಿವಿಜನ್ (ಮರುಪರಿಶೀಲನೆ ಅರ್ಜಿ) ಇಲ್ಲಿ ಡಿಸಿ (ಜಿಲ್ಲಾಧಿಕಾರಿ) ಕೋರ್ಟಿಗೇ ಬರಬೇಕು. ಘಟ್ಟದ ಮೇಲಿನವರು ನಸುಕಿನಲ್ಲಿ ಬಸ್ಸು ಹತ್ತಿ, ದೇವಿಮನೆ ಘಟ್ಟ ಇಳಿದು ಬಂದಾಗ ಮುದ್ದತು, ಅಂದರೆ ವಿಚಾರಣೆಯ ದಿನ, ಮುಂದೆ ಹೋಗಿರುತ್ತದೆ. ಇಲ್ಲಿ ಮುದ್ದತು ನೋಡುವ ಒಬ್ಬರ ಪರಿಚಯ ನಿಮಗಿದ್ದರೆ ನಿಮ್ಮ ಕಕ್ಷಿದಾರರಿಗೆ ಒಂದು ದಿನದ ಕೂಲಿ ಉಳಿಯುತ್ತದೆ. ಶಿರಸಿ ಕೋರ್ಟಿನಲ್ಲಿ ನಕಲು ತೆಗೆಸುವ ಕೆಲಸ ನಮಗೂ ಬೀಳುತ್ತಿರುತ್ತದೆ, ಅದನ್ನು ನಿಮಗೆ ಒಪ್ಪಿಸಬಹುದು. ಧಾರವಾಡ ಹೈಕೋರ್ಟ್ ಪೀಠದಲ್ಲೂ ಇಂಥ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ವೆಬ್‌ಸೈಟ್ ಬೇಕಿದ್ದರೆ 2008ರಿಂದ ಅನುಮತಿ ಇದೆ: ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ಯಾವ ಬಗೆಯ ಕೆಲಸ ಎಂಬಷ್ಟು ಹಾಕಬಹುದು.

ಸಿದ್ದಾಪುರದ ತೋಟದವ

ನಾನು ವಕೀಲನಲ್ಲ, ಕೋರ್ಟಿಗೆ ಹತ್ತು ವರ್ಷ ಅಲೆದವ. ತಂಗೀ, ನಿನಗೆ ನಮ್ಮ ಕಡೆಯ ಮಾತೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಬೋರ್ಡು ನೋಡಿ ವಕೀಲರನ್ನು ಹಿಡಿದವರು ನಮ್ಮೂರಲ್ಲಿ ಯಾರೂ ಇಲ್ಲ. ಸೊಸೈಟಿಯಲ್ಲಿ ಅಡಿಕೆ ಹಾಕಿ ದುಡ್ಡಿಗೆ ಕಾಯುತ್ತ ಕೂತಾಗ ಪಕ್ಕದವರನ್ನು ಕೇಳುತ್ತೇವೆ, ನಿಮ್ಮ ವಕೀಲರು ಹೇಗೆ ಅಂತ. ಕೇಸು ಗೆದ್ದರೋ ಸೋತರೋ ಎಂಬುದು ಆಮೇಲಿನ ಮಾತು. ಫೋನು ಎತ್ತುತ್ತಾರಾ, ದುಡ್ಡಿಗೆ ರಸೀದಿ ಕೊಡುತ್ತಾರಾ, ಕಾಗದ ವಾಪಸು ಕೊಡುತ್ತಾರಾ, ಇಷ್ಟು ಕೇಳುತ್ತೇವೆ.

ನನ್ನ ಮೊದಲ ವಕೀಲರು ಮುದ್ದತು ಹೇಳುತ್ತಲೇ ಇರಲಿಲ್ಲ. ಮಗ ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿ, ನಮ್ಮ ಕೇಸಿನ ಗುರುತಿನ ಹದಿನಾರು ಅಕ್ಷರದ ಸಿಎನ್ಆರ್ ನಂಬರು ಒತ್ತಿದಾಗ ಗೊತ್ತಾಯಿತು, ನಮ್ಮ ಸಾಕ್ಷಿಗೆ ಇಟ್ಟ ಮೂರು ಮುದ್ದತು ಹಾಗೇ ಹೋಗಿದ್ದವು. ಅಪ್ಪ ಆ ಸಾಕ್ಷಿ ಹೇಳಬೇಕಿತ್ತು. ನಾಲ್ಕನೆಯದು ಬರುವುದರೊಳಗೆ ಅವರು ತೀರಿಕೊಂಡರು. ಈಗಿನ ವಕೀಲರಿಗೆ ವಯಸ್ಸು ನಿನ್ನಷ್ಟೇ ಇರಬೇಕು. ಪ್ರತಿ ಮುದ್ದತಿನ ಸಂಜೆ ಎರಡು ಸಾಲು ಮೆಸೇಜು ಹಾಕುತ್ತಾರೆ. ನಾನು ಐದು ಮನೆಯವರನ್ನು ಅವರ ಹತ್ತಿರ ಕಳಿಸಿದ್ದೇನೆ.

ಶಿರಸಿ ವಕೀಲೆ

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಅಣ್ಣ, ನಿಮ್ಮ ಅಪ್ಪನ ವಿಷಯ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಸೀನಿಯರ್ ಮನೆಗೆ ಹೋಗಿ ಬಂದೆ. ಕಷಾಯ ಕೊಟ್ಟರು. ಒಂದು ಕೇಸಿಗೆ ಅಲ್ಲೇ ಒಪ್ಪಿಗೆ ಬರೆದುಕೊಟ್ಟರು. ಇನ್ನೊಂದು ವಾದದ ಹಂತದಲ್ಲಿದೆ, ಅದನ್ನು ತಾವೇ ಮುಗಿಸುತ್ತೇನೆ ಎಂದರು. ಸರಿ ಎಂದೆ. ಪ್ಯಾನೆಲ್ ಅರ್ಜಿಯೂ ಸಿದ್ಧವಾಗಿದೆ.

ನಿನ್ನೆ ಬನವಾಸಿ ಕಡೆಯ ಹಿರಿಯರೊಬ್ಬರು ಬಂದಿದ್ದರು. ಬೆಳೆಸಾಲಕ್ಕೆ ಪಹಣಿ ತೆಗೆಸಿದಾಗ ತಮ್ಮ ಹೆಸರೇ ಇಲ್ಲ, ಅಣ್ಣನ ಮಕ್ಕಳ ಹೆಸರಿಗೆ ಮ್ಯುಟೇಶನ್ ಆಗಿದೆ. ಗೊತ್ತಾಗಿ 41 ದಿನ. ಎಸಿಗೆ ಅಪೀಲು ಹಾಕಲು ಗೊತ್ತಾದ ದಿನದಿಂದ 60 ದಿನವಿದೆ ಎಂದು ಹೇಳಿ, ಬಿಳಿ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟೆ: ಕೊನೆಯ ದಿನ ಯಾವುದು, ಯಾವ ನಕಲು ತರಬೇಕು, ಫೀಸು ಎಷ್ಟು, ಯಾವ ಕಂತಿನಲ್ಲಿ. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು, ಒಂದು ಕಡೆ ನಿಲ್ಲಿಸಿ "ಇದೇನು?" ಎಂದು ಕೇಳಿದರು. ನಾನು 'ಪ್ರಮಾಣೀಕೃತ' ಎಂದು ಬರೆದಿದ್ದೆ. ಅದನ್ನು ಹೊಡೆದು 'ತಹಶೀಲ್ದಾರ್ ಆಫೀಸಿನ ಸಿಕ್ಕಾ ಹಾಕಿದ್ದು' ಎಂದು ತಿದ್ದಿದೆ. ಹಾಳೆಯನ್ನು ರೇಷನ್ ಕಾರ್ಡಿನ ಒಳಗಿಟ್ಟುಕೊಂಡು ಮೆಟ್ಟಿಲಿಳಿದರು. ಸೋಮವಾರ ನಕಲು ತರುತ್ತಾರೆ.